ನಿಡಘಟ್ಟದ ಕೆಂಪಾಚಾರಿ: ಒಂದು ಐತಿಹ್ಯದ ಚಾರಿತ್ರಿಕ ವಿಚಾರ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಗೂರಿನ ಹೆಸರು ಶಾಸನಾಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಕ್ರಿ. ಶ. 949-50ರಲ್ಲಿ ಹುಟ್ಟಿದ ಆತಕೂರು ಶಾಸನವು ಈ ಊರಿನದೇ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಕಾದಿದ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದುದನ್ನೂ, ಬೂತುಗನ ಆಳಾದ ಮಣಲೆರನು ತನ್ನ ಶೌರ್ಯಕ್ಕೆ ಮೆಚ್ಚಾಗಿ ಕಾಳಿಯೆಂಬ ನಾಯನ್ನು ಬೇಡಿ ಪಡೆದುದನ್ನೂ, ಆ ನಾಯಿಯು ಬೆಳತೂರಿನಲ್ಲಿ ಹಂದಿಯೊಡನೆ ಹೋರಾಡಿ ಅದರೊಂದಿಗೇ ಸತ್ತುದನ್ನೂ ಆ ಕಲ್ಲು ಹೇಳುತ್ತದೆ. ನಾಯ ಸ್ಮರಣೆಗಾಗಿ ಕಲ್ಲು ನಿಂತಿತು. ಅದರ ಪೂಜೆಗೆ ಭೂಮಿಯೂ ದತ್ತವಾಯಿತು. ಈಗ ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವುದು.

ಇದೇ ಮದ್ದೂರು ತಾಲ್ಲೂಕಿನ ನಿಡಘಟ್ಟದಲ್ಲಿ ಹುಟ್ಟಿದನೆಂದು ಜನರು ಹೇಳುವ ಒಬ್ಬ ಕಮ್ಮಾರರ ಹುಡುಗನಿಗೆ ಇಂತಹ ಕಲ್ಲು ದೊರೆಯಲಿಲ್ಲ. ಅವನಿಗೆ ದೊರೆತುದು ಹಾಡು. ಕೆಂಪಾಚಾರಿಯೆಂಬ ಈ ಬಾಲಕನು ಸಿದ್ಧಪ್ಪಾಜಿಯಾದ ಕಥೆಯನ್ನು ನೀಲಗಾರರು ತಂಬೂರಿಯನ್ನು ಮೀಟುತ್ತ, ರಾತ್ರಿ ಬೆಳಗಾಗುವವರೆಗೆ ಹಾಡುತ್ತ ಬಂದಿದ್ದಾರೆ. ಹಿ. ಚಿ. ಬೋರಲಿಂಗಯ್ಯನವರು ಸಂಪಾದಿಸಿದ ಮಂಟೇಸ್ವಾಮಿ ಮಹಾಕಾವ್ಯವನ್ನು 1997ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಪ್ರಕಟಿಸಿರುವುದರಿಂದ, ಹಾಡಿನ ರೂಪವನ್ನು ಓದಿ ವಿಚಾರಿಸುವ ಅನುಕೂಲವೂ ನಮಗೆ ಒದಗಿದೆ.

ಕಥೆಯ ಸಾರವಿದು. ಕಲ್ಯಾಣದಿಂದ ದಕ್ಷಿಣಕ್ಕೆ ಬಂದ ಮಂಟೇಸ್ವಾಮಿಯು ಬಾಚಿಬಸವಯ್ಯನ ಮಗನಾದ ಕೆಂಪಾಚಾರಿಯನ್ನು ತನಗೆ ಶಿಶುಮಗನಾಗಿ ಕೊಡಬೇಕೆಂದು ಕೇಳಿದನು. ಹೆತ್ತವರು ಒಪ್ಪಲಿಲ್ಲ. ಕೊನೆಗೆ ಹುಡುಗನು ಗುರುವಿನ ವಶವಾಗಿ, ಕಠಿನವಾದ ಶಿಕ್ಷಣವನ್ನು ಹೊಂದಿ, ಸಿದ್ಧಪ್ಪಾಜಿಯೆಂಬ ಹೊಸ ಹೆಸರನ್ನು ಪಡೆದನು. ಬಳಿಕ ಗುರುವು ಅವನನ್ನು ಮಳವಳ್ಳಿ ತಾಲ್ಲೂಕಿನ ಹಲಗೂರಿಗೆ ಕಬ್ಬಿಣದ ಭಿಕ್ಷೆಗಾಗಿ ಕಳುಹಿಸಿದನು. ಅಲ್ಲಿಯ ಪಾಂಚಾಳರು ಭಿಕ್ಷೆಯನ್ನು ನೀಡದೆ ಅವನನ್ನು ಪರೀಕ್ಷೆಗಳಿಗೆ ಗುರಿಮಾಡಿದರು, ವಿಷವನ್ನೂ ಉಣಿಸಿದರು. ಎಲ್ಲವನ್ನೂ ಅವನು ಗೆದ್ದನು. ಹಲಗೂರಿನ ಸಿರಿ ಅಳಿಯಿತು.

ಈ ಕಥೆಯಿಂದ ಕಾಲನಿರ್ಣಯ ಮಾಡಹೊರಡುವುದು ಯುಕ್ತವಲ್ಲ. ಹನ್ನೆರಡನೆಯ ಶತಮಾನದ ಬಸವಣ್ಣನವರನ್ನು ಹಾಡು ಮಂಟೇಸ್ವಾಮಿಗೆ ಸಮಕಾಲೀನರನ್ನಾಗಿ ಮಾಡುತ್ತದೆ. ಹಾಡುಗಾರನಿಗೆ ಬೇಕಾದುದು ಗುರುಪರಂಪರೆಯೇ ಹೊರತು ಶಕವರ್ಷವಲ್ಲ. ಆದರೆ ಕಾಲವನ್ನು ಹೇಳದ ಮಾತ್ರಕ್ಕೆ ಐತಿಹ್ಯವು ಏನನ್ನೂ ಹೇಳುವುದಿಲ್ಲವೆಂದು ಎಣಿಸುವುದು ಇನ್ನೊಂದು ತಪ್ಪು. ಗುರುವು ಹೊನ್ನನ್ನು ಬೇಡಿಸಲಿಲ್ಲ, ಅಕ್ಕಿಯನ್ನು ಬೇಡಿಸಲಿಲ್ಲ, ಕಬ್ಬಿಣವನ್ನು ಬೇಡಿಸಿದನು. ಈ ಒಂದು ಅಂಶವೇ ಚರಿತ್ರಕಾರನನ್ನು ತಡೆದು ನಿಲ್ಲಿಸತಕ್ಕುದು.

ಮೈಸೂರು ಸೀಮೆಯಲ್ಲಿ ಕಬ್ಬಿಣದ ಕೆಲಸವು ಎಷ್ಟು ಬೆಳೆದಿತ್ತೆಂಬುದಕ್ಕೆ 1800ರಲ್ಲಿ ಇಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನ ಬರಹವು ಸಾಕ್ಷಿಯಾಗಿದೆ. ಹಳ್ಳಗಳ ಕಪ್ಪು ಮರಳನ್ನು ತೊಳೆದು ಕರಗಿಸುವುದನ್ನೂ, ಕಬ್ಬಿಣದ ತುಂಡನ್ನು ತಂಗಡಿಯ ಕಡ್ಡಿ ಮತ್ತು ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ ಕಾಯಿಸಿ ಉಕ್ಕನ್ನು ಮಾಡುವುದನ್ನೂ ಅವನು ವಿವರಿಸಿದ್ದಾನೆ. ನಿಡಘಟ್ಟಕ್ಕೆ ನೆರೆಯ ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಬೇಕಾದ ಉಕ್ಕಿನ ತಂತಿಯನ್ನು ಎಳೆಯುತ್ತಿದ್ದರೆಂದೂ, ಅದು ದೂರದ ನಾಡುಗಳಿಗೆ ಹೋಗುತ್ತಿತ್ತೆಂದೂ ಬರೆದಿದ್ದಾನೆ. ಬೇಸಾಯಗಾರನ ನೇಗಿಲ ಗುಳವೂ ಪಾಳೆಯಗಾರನ ಕತ್ತಿಯೂ ಹುಟ್ಟುವುದು ಒಂದೇ ಕುಲುಮೆಯಲ್ಲಿ. ಮಣ್ಣಿನಂತೆ ಕಾಣುವುದನ್ನು ಬೆಂಕಿಯಿಂದ ಲೋಹವಾಗಿಸುವವನನ್ನು ಹಳ್ಳಿಯವರು ಅರ್ಧ ಮಾಂತ್ರಿಕನೆಂದು ಕಂಡುದು ಸಹಜವೇ ಆಗಿದೆ.

ಇದು ನಮ್ಮ ನಾಡಿಗೆ ಮಾತ್ರ ಸೀಮಿತವಾದ ಭಾವನೆಯಲ್ಲ. ಅಮೆರಿಕದ ಉರ್ಸುಲಾ ಲೆ ಗ್ವಿನ್ ಎಂಬ ಲೇಖಕಿಯು 1968ರಲ್ಲಿ ಮಕ್ಕಳಿಗಾಗಿ ಬರೆದ ‘ಎ ವಿಝರ್ಡ್ ಆಫ್ ಅರ್ತ್‌ಸೀ’ ಎಂಬ ಅದ್ಭುತಕಥೆಯ ನಾಯಕನೂ ಕಂಚುಗಾರನ ಮಗನೇ. ಅವನೂ ಗುರುವಿನಿಂದ ಹೊಸ ಹೆಸರನ್ನು ಪಡೆದು ತನ್ನ ಶಕ್ತಿಯನ್ನು ಅರಿಯುತ್ತಾನೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ಹೇಳಲು ಯಾವ ಆಧಾರವೂ ಇಲ್ಲ. ಭೇದವೇ ಇಲ್ಲಿ ಗಮನಾರ್ಹವಾದುದು. ಆ ಬಾಲಕನ ಶತ್ರುವು ಅವನ ಗರ್ವದಿಂದಲೇ ಹೊರಬಂದ ನೆರಳು. ಕೆಂಪಾಚಾರಿಯ ಎದುರು ನಿಂತವರಾದರೋ ಅವನ ಕುಲದವರೇ. ಅವನು ಕಲಿತ ವಿದ್ಯೆಯ ನಿಜವಾದ ಪರೀಕ್ಷೆ ನಡೆದುದು ತನ್ನವರ ಬಾಗಿಲಿನಲ್ಲಿ ಭಿಕ್ಷುಕನಾಗಿ ನಿಂತಾಗ.

ಆದುದರಿಂದ ಹಲಗೂರಿನ ಪ್ರಸಂಗವನ್ನು ಕೇವಲ ಪವಾಡಗಳ ಮಾಲೆಯೆಂದು ಬಿಡಲಾಗದು. ಕೌಶಲದಿಂದ ಐಶ್ವರ್ಯವನ್ನು ಪಡೆದ ಒಂದು ಕುಲಕ್ಕೂ, ಕುಲವನ್ನು ಎಣಿಸದೆ ಶಿಷ್ಯರನ್ನು ಕೂಡಿಸಿದ ಒಂದು ಪಂಥಕ್ಕೂ ನಡುವೆ ಉಂಟಾದ ವಿರಸದ ನೆನಪು ಅದರಲ್ಲಿ ಉಳಿದಿದೆಯೆಂದು ನಮಗೆ ತೋರುತ್ತದೆ. ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ, ಸಿದ್ಧಪ್ಪಾಜಿಯ ಗದ್ದುಗೆಯ ಬಳಿ, ಪುಷ್ಯಮಾಸದ ಹುಣ್ಣಿಮೆಯಿಂದ ಐದು ದಿನ ನಡೆಯುವ ಜಾತ್ರೆಯಲ್ಲಿ ಹಲವು ಜಾತಿಯ ಒಕ್ಕಲುಗಳು ಸೇರಿ ಪಂಕ್ತಿಸೇವೆ ಮಾಡುವುದು ಈ ಊಹೆಗೆ ಪೋಷಕವಾಗಿದೆ. ಆದರೆ ಹಾಡಿದವರು ಗೆದ್ದವನ ಕಡೆಯವರೆಂಬುದನ್ನು ಮರೆಯಬಾರದು. ಹಲಗೂರಿನ ಪಾಂಚಾಳರು ಹಾಡಿನಲ್ಲಿ ದುಷ್ಟರಾಗಿ ಕಾಣುವರು. ಕುಲುಮೆಯ ಮುಂದೆ ಬೆಂದ ಅವರ ಶ್ರಮಕ್ಕೆ ಹಾಡಿನಲ್ಲಿ ವಕೀಲರಿಲ್ಲ. ಆ ಪಕ್ಷವನ್ನು ಕೇಳುವುದು ಚರಿತ್ರಕಾರನ ಕರ್ತವ್ಯ.

ಆತಗೂರಿನ ಕಲ್ಲು ಒಡೆಯನು ಮೆಚ್ಚಿದುದನ್ನು ಹೇಳಿತು. ನಿಡಘಟ್ಟದ ಹಾಡು ಒಡೆಯರು ಲೆಕ್ಕಿಸದವರನ್ನು ಹೇಳಿತು. ಕಲ್ಲು ವರ್ಷವನ್ನು ಉಳಿಸಿಕೊಂಡಿತು, ಹಾಡು ಮನಸ್ಸನ್ನು ಉಳಿಸಿಕೊಂಡಿತು. ಒಂದೇ ತಾಲ್ಲೂಕಿನ ಈ ಎರಡು ಸಾಕ್ಷಿಗಳನ್ನು ಕೂಡಿಸಿ ಓದಿದಲ್ಲಿ ಮಾತ್ರ ಈ ಸೀಮೆಯ ಚರಿತ್ರೆಯು ಪೂರ್ಣತೆಯ ಕಡೆಗೆ ಸಾಗುವುದು. ಹಲಗೂರು, ನಿಡಘಟ್ಟಗಳ ಸುತ್ತಿನ ಹೊಲಗಳಲ್ಲಿ ಕಬ್ಬಿಣದ ಕಿಟ್ಟವನ್ನೂ ಮೂಸೆಯ ಚೂರುಗಳನ್ನೂ ಹುಡುಕಿ ನೋಡಬೇಕೆಂದು ವಿದ್ವಾಂಸರಲ್ಲಿ ಬಿನ್ನವಿಸಿ ಈ ಲೇಖನವನ್ನು ಮುಗಿಸುತ್ತೇವೆ.