ಹಾಡಿಗಳ ಹಬ್ಬ, ಹಾಡು ಮತ್ತು ಅರಣ್ಯ ಹಕ್ಕು: ಅರ್ಜಿದಾರರ ಮಾಹಿತಿಗಾಗಿ

ಕೊಡಗು ಜಿಲ್ಲೆಯ ಪೊನ್ನಂಪೇಟೆ ತಾಲ್ಲೂಕಿನ ಕಾಡಂಚಿನ ಹಾಡಿಗಳಲ್ಲಿಯೂ ಕಾಫಿ ತೋಟಗಳ ಲೈನ್‌ಮನೆಗಳಲ್ಲಿಯೂ ಜೇನುಕುರುಬ, ಬೆಟ್ಟಕುರುಬ ಹಾಗೂ ಯರವ ಸಮುದಾಯದವರು ವಾಸಿಸುತ್ತಾರೆ. ಜೇನುಕುರುಬರು ವಿಶೇಷ ದುರ್ಬಲ ಬುಡಕಟ್ಟು ಗುಂಪಿಗೆ ಸೇರಿದವರು. ರಾಜ್ಯದಲ್ಲಿ ಈ ಮಾನ್ಯತೆಯುಳ್ಳ ಮತ್ತೊಂದು ಸಮುದಾಯ ಕೊರಗರದು. ಇವರ ಪೂರ್ವಿಕರ ವೃತ್ತಾಂತವು ಕಾಗದದಲ್ಲಿ ಅಲ್ಪವಾಗಿಯೂ ಹಾಡು, ಕುಣಿತ ಮತ್ತು ವೇಷಗಳಲ್ಲಿ ವಿಪುಲವಾಗಿಯೂ ಉಳಿದುಬಂದಿದೆ.

ದೇವರಪುರದ ಕುಂಡೆ ಹಬ್ಬವು ಇದಕ್ಕೆ ಪ್ರಸಿದ್ಧ ನಿದರ್ಶನ. ಮೇ ತಿಂಗಳ ನಾಲ್ಕನೆಯ ಗುರುವಾರ ನಡೆಯುವ ಈ ಹಬ್ಬದಲ್ಲಿ ಪುರುಷರು ಸ್ತ್ರೀವೇಷವೂ ಸೇರಿದಂತೆ ಬಗೆಬಗೆಯ ವೇಷ ಧರಿಸಿ, ವಾದ್ಯ ಬಾರಿಸುತ್ತ, ದೇವರನ್ನೂ ದಾರಿಹೋಕರನ್ನೂ ಬೈಯುತ್ತ ಕಾಣಿಕೆ ಸಂಗ್ರಹಿಸಿ ಭದ್ರಕಾಳಿ ದೇವಸ್ಥಾನಕ್ಕೆ ಒಪ್ಪಿಸುತ್ತಾರೆ. ತಮ್ಮನ್ನು ಬೇಟೆಗೆ ಕರೆದೊಯ್ದ ಅಯ್ಯಪ್ಪ ದೇವರು ಭದ್ರಕಾಳಿಯನ್ನು ಕಂಡೊಡನೆ ತಮ್ಮನ್ನು ಕಾಡಿನಲ್ಲಿಯೇ ಬಿಟ್ಟು ಹೋದನೆಂಬುದು ಐತಿಹ್ಯ. ಅಂದಿನ ಬೈಗುಳಕ್ಕೆ ಯಾರೂ ಕೋಪಿಸಿಕೊಳ್ಳುವಂತಿಲ್ಲ. ಕಾಡಿನಲ್ಲಿ ದೇವರ ಜೊತೆಗಿದ್ದವರು ತಾವೆಂಬ ಮಾತು ಆ ಬೈಗುಳದೊಳಗೇ ಅಡಗಿರುವುದನ್ನು ನೋಡಲು ಬರುವ ಹೊರಗಿನವರು ಗಮನಿಸುವುದು ಅಪರೂಪ.

ನಾಗರಹೊಳೆಯು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದಕ್ಕೂ ಮುಂಚಿನಿಂದಲೇ ಅನೇಕ ಕುಟುಂಬಗಳು ಅರಣ್ಯದಿಂದ ಹೊರಬಂದಿದ್ದು, ಅವರ ದೈವಗಳ ನೆಲೆಗಳೂ ಹಿರಿಯರ ಸಮಾಧಿಗಳೂ ಒಳಗೇ ಉಳಿದಿವೆ. 2025ರ ಮೇ ತಿಂಗಳಿನಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ಜೇನುಕುರುಬ ಕುಟುಂಬಗಳು ಅರಣ್ಯ ಪ್ರವೇಶಿಸಿ, ಅದು ತಮ್ಮ ಪೂರ್ವಿಕರ ನೆಲೆಯೆಂದು ಪ್ರತಿಪಾದಿಸಿದವು.

ಅರಣ್ಯ ಹಕ್ಕು ಕಾಯ್ದೆ, 2006ರ ಅಡಿ ಅರ್ಜಿ ಸಲ್ಲಿಸುವವರಿಗೆ ಈ ಸ್ಮರಣೆಯು ನೇರವಾಗಿ ಉಪಯುಕ್ತ. 2008ರ ನಿಯಮಗಳ 13ನೆಯ ನಿಯಮದನ್ವಯ ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ, ವಂಶಾವಳಿ, ಬಾವಿ, ಸ್ಮಶಾನ ಹಾಗೂ ಪವಿತ್ರ ಸ್ಥಳಗಳು ಸಾಕ್ಷ್ಯವಾಗಿ ಪರಿಗಣಿತವಾಗುತ್ತವೆ. ಹಾಡೊಂದನ್ನೇ ಲಗತ್ತಿಸಿದರೆ ಸಾಲದು. ಅದರಲ್ಲಿ ಬರುವ ಕೊಲ್ಲಿ, ಗುಡ್ಡ, ದೈವದ ಹೆಸರುಗಳನ್ನು ಹಿರಿಯರಿಂದ ಹೇಳಿಸಿ ಬರೆಯಿಸಿಕೊಂಡು, ಅರಣ್ಯ ಹಕ್ಕು ಸಮಿತಿಯು ಸ್ಥಳ ಪರಿಶೀಲಿಸುವಾಗ ಆ ಜಾಗಗಳನ್ನು ತೋರಿಸತಕ್ಕದ್ದು. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಅವಶ್ಯಕ. ಆದರೆ ಇಂತಹುದೇ ದಾಖಲೆ ಬೇಕೆಂದು ಒತ್ತಾಯಿಸುವಂತಿಲ್ಲ. ಹೇಳಿಕೆಯನ್ನು ಹಿರಿಯರು ಬದುಕಿರುವಾಗಲೇ ಪಡೆದಿಡುವುದು ಒಳಿತು.

ವೈಯಕ್ತಿಕ ಹಕ್ಕಿಗೆ 'ಎ', ಸಾಮುದಾಯಿಕ ಹಕ್ಕಿಗೆ 'ಬಿ', ಸಾಮುದಾಯಿಕ ಅರಣ್ಯ ಸಂಪನ್ಮೂಲದ ಹಕ್ಕಿಗೆ 'ಸಿ' ನಮೂನೆಯಲ್ಲಿ ಅರ್ಜಿಯನ್ನು ಗ್ರಾಮಸಭೆಗೆ ಸಲ್ಲಿಸಬೇಕು. ಗ್ರಾಮಸಭೆಯ ನಿರ್ಣಯದಿಂದ ಬಾಧಿತರಾದವರು 60 ದಿನಗಳೊಳಗೆ ಉಪವಿಭಾಗ ಮಟ್ಟದ ಸಮಿತಿಗೆ ಮನವಿ ಸಲ್ಲಿಸಬಹುದಾಗಿದೆ.