ವಂಶಾವಳಿ ಶೋಧನೆ (ಜವಳಗೇರಾ ಸೀಮೆ)

ವಂಶಾವಳಿ ಶೋಧನೆ: ಒಂದು ಮನೆತನದ ಹಿಂದಿನ ತಲೆಮಾರುಗಳನ್ನೂ ಅವರ ಮೂಲ ಊರು, ಹೊಲ, ಇನಾಮು, ಬೆಡಗು ಎಂಬ ಒಳಕುಲಗಳನ್ನೂ ಹಿರಿಯರ ಮಾತು ಮತ್ತು ದಾಖಲೆಗಳ ನೆರವಿನಿಂದ ಪತ್ತೆ ಹಚ್ಚುವ ಕೆಲಸ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನ ಜವಳಗೇರಾ ಮತ್ತು ಅದರ ನೆರೆಯ ಲಿಂಗಸುಗೂರು, ಮಸ್ಕಿ ಭಾಗಗಳಲ್ಲಿ ಈ ಕೆಲಸ ಹೆಳವರ ಹೊತ್ತಿಗೆಯಿಂದ ನಿಜಾಮ ಸರ್ಕಾರದ ಕಂದಾಯ ಕಡತಕ್ಕೆ, ಅಲ್ಲಿಂದ ಇಂದಿನ ಜಾಲತಾಣಗಳಿಗೆ ಕೈ ಬದಲಿಸುತ್ತ ಬಂದಿದೆ. ಇಲ್ಲಿ ವಂಶಾವಳಿಯನ್ನು ಬರೆದಿಟ್ಟದ್ದು ಬಹುಮಟ್ಟಿಗೆ ಹಕ್ಕಿನ ಸಲುವಾಗಿ: ಹೊಲದ ಹಕ್ಕು, ಗೌಡಿಕೆಯ ಹಕ್ಕು, ಹೆಣ್ಣು ಕೊಟ್ಟು ತರುವ ಸಂಬಂಧದ ತೀರ್ಮಾನ. ಆದ್ದರಿಂದ ಹೊಲವಿದ್ದವನ ಮುತ್ತಜ್ಜ ಸುಲಭವಾಗಿ ಸಿಗುತ್ತಾನೆ. ಹೊಲವಿಲ್ಲದವನ ಅಜ್ಜನೂ ಸಿಗುವುದು ಕಷ್ಟ.

ಹೆಳವರು

ಉತ್ತರ ಕರ್ನಾಟಕದಲ್ಲಿ ಮನೆತನಗಳ ಚರಿತ್ರೆಯನ್ನು ವೃತ್ತಿಯಾಗಿ ಕಾಪಾಡಿಕೊಂಡು ಬಂದವರು ಹೆಳವರು. ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಊರೂರು ಅಲೆಯುತ್ತಿದ್ದ ಈ ಸಮುದಾಯದ ಬಗ್ಗೆ ಬ್ರಿಟಿಷ್ ಜನಾಂಗ ಅಧ್ಯಯನಕಾರ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಸಂಪುಟಗಳಲ್ಲಿ ಬರೆದಿದ್ದಾನೆ. ತೆಲುಗು ನಾಡಿನ ಪಿಚ್ಚಿಗುಂಟರನ್ನು ಇವರಿಗೆ ಸಮಾನರೆಂದು ಗುರುತಿಸುತ್ತಾನೆ. ಪ್ರತಿ ಹೆಳವ ಮನೆತನಕ್ಕೂ ಇಂತಿಷ್ಟು ಒಕ್ಕಲು ಎಂಬ ಪಾಲು ಇರುತ್ತದೆ. ಒಬ್ಬರ ಒಕ್ಕಲಿಗೆ ಇನ್ನೊಬ್ಬರು ಹೋಗುವಂತಿಲ್ಲ.

ಸುಗ್ಗಿ ಮುಗಿದು ರಾಶಿ ಮನೆ ಸೇರಿದ ಹೊತ್ತಿಗೆ ಹೆಳವ ಬರುತ್ತಾನೆ. ಕಟ್ಟೆಯ ಮೇಲೆ ಕೂತು, ಬಟ್ಟೆಯಲ್ಲಿ ಸುತ್ತಿದ ಹೊತ್ತಿಗೆ ಬಿಚ್ಚಿ ಮೂಲಪುರುಷನಿಂದ ಶುರುಮಾಡುತ್ತಾನೆ. ಯಾವ ಊರು ಬಿಟ್ಟು ಬಂದರು, ಬರಕ್ಕೋ ಜಗಳಕ್ಕೋ, ಯಾವ ತಮ್ಮ ಬೇರೆಯಾಗಿ ಎಲ್ಲಿ ನೆಲೆಸಿದ, ಮನೆದೇವರು ಯಾವುದು, ಬೆಡಗು ಯಾವುದು ಎಂದು ಒಂದೊಂದಾಗಿ ಹೇಳಿ ಮುಗಿಸಿದ ಮೇಲೆ, ಕಳೆದ ಸಲ ಬಂದುಹೋದ ನಂತರ ಹುಟ್ಟಿದ ಮಕ್ಕಳ ಹೆಸರು ಕೇಳಿ ಬರೆದುಕೊಳ್ಳುತ್ತಾನೆ. ಪ್ರತಿಯಾಗಿ ಜೋಳ, ಬಟ್ಟೆ, ರೊಕ್ಕ, ಉಳ್ಳವರ ಮನೆಯಾದರೆ ಆಕಳು. ಈಗ ಎತ್ತಿನ ಜಾಗಕ್ಕೆ ಮೋಟರ್ ಸೈಕಲ್ ಬಂದಿದೆ. ಹೊತ್ತಿಗೆ ಅದೇ.

ಇದರ ಬೆಲೆಯನ್ನು ಹೊಗಳುವಾಗ ಮಿತಿಯನ್ನೂ ಹೇಳಬೇಕು. ಹೊತ್ತಿಗೆ ಹಿಡಿದಿಡುವುದು ಮುಖ್ಯವಾಗಿ ಗಂಡು ಸಂತಾನದ ಸಾಲನ್ನು. ಕೊಟ್ಟ ಹೆಣ್ಣುಮಕ್ಕಳು ಅದರಿಂದ ಜಾರಿಹೋಗುತ್ತಾರೆ. ಎಲ್ಲ ಜಾತಿಗೂ ಹೆಳವರಿಲ್ಲ. ಕೇಳಿಸಿಕೊಂಡವರಿಗೆ ಹಿಗ್ಗಾಗಲಿ ಎಂದು ಮೂಲಪುರುಷನನ್ನು ಒಂದಿಷ್ಟು ಎತ್ತಿ ಹೇಳುವ ವಾಡಿಕೆಯೂ ಉಂಟು. ಆದರೂ ಇಸವಿ ತಪ್ಪಿದರೂ ಊರು ತಪ್ಪದ ಈ ಹೊತ್ತಿಗೆ, ಯಾವ ಊರಿನ ಕಾಗದ ಹುಡುಕಬೇಕೆಂದು ಹೇಳುವ ಮೊದಲ ಸಾಕ್ಷಿ. ಅಂತರ್ಜಾಲದಲ್ಲಿ ಕೂತು ಹುಡುಕುವವನಿಗೂ ಬೇಕಾದದ್ದು ಮೊದಲು ಅದೇ. ಕಾಶಿ, ತ್ರ್ಯಂಬಕ, ಹರಿದ್ವಾರಗಳ ಕ್ಷೇತ್ರ ಪುರೋಹಿತರ ವಹಿಗಳೂ ಇದೇ ಬಗೆಯವು; ಯಾತ್ರೆಗೆ ಹೋದ ಹಿರಿಯನ ಸಹಿ ಅಲ್ಲಿ ಸಿಕ್ಕರೂ ಸಿಗಬಹುದು.

ನಿಜಾಮರ ಕಾಲದ ಕಾಗದಗಳು

ರಾಯಚೂರು ದೋಆಬು 1853ರಲ್ಲಿ ಬ್ರಿಟಿಷರ ಕೈಗೆ ಹೋಗಿ 1860ರಲ್ಲಿ ನಿಜಾಮರಿಗೆ ಮರಳಿತು. ಲಿಂಗಸುಗೂರು ಆಗ ಹೈದರಾಬಾದ್ ಕಾಂಟಿಂಜೆಂಟ್ ಪಡೆಯ ಠಾಣೆ, ಮುಂದೆ ಜಿಲ್ಲಾ ಕೇಂದ್ರ. ಸಿಂಧನೂರು ಸೇರಿಕೊಂಡಿದ್ದ ಆ ಲಿಂಗಸುಗೂರು ಜಿಲ್ಲೆಯನ್ನು 1905ರಲ್ಲಿ ರದ್ದುಮಾಡಿ, ಈ ತಾಲ್ಲೂಕುಗಳನ್ನು ರಾಯಚೂರಿಗೆ ಸೇರಿಸಿದರು. ಹುಡುಕುವವರು ಎಡವುವುದು ಇಲ್ಲೇ. 1905ಕ್ಕಿಂತ ಹಿಂದಿನ ಕಾಗದಕ್ಕೆ ರಾಯಚೂರು ಜಿಲ್ಲೆಯ ಹೆಸರಿನಲ್ಲಿ ಹುಡುಕಿದರೆ ಜವಳಗೇರಾ ಸಿಗುವುದಿಲ್ಲ. ಸಾಲದೆಂಬಂತೆ ಈ ಕಾಗದಗಳ ಉರ್ದು ಲಿಪಿಯಲ್ಲಿ ಳಕಾರವಿಲ್ಲ, ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದೂ ಇಲ್ಲ. ಊರಿನ ಹೆಸರು ಕಾಗದದಲ್ಲಿ ಜವಲಗೇರಾ ಆಗಿರುತ್ತದೆ, ಅಜ್ಜನ ಹೆಸರು ಓದಿದವರು ಓದಿದಂತೆ. ವರ್ಷ ಫಸಲಿಯಲ್ಲಿ, ಅಂದರೆ ಕಂದಾಯ ವರ್ಷದ ಲೆಕ್ಕದಲ್ಲಿರುತ್ತದೆ, ಅದಕ್ಕೆ 590 ಕೂಡಿಸಿದರೆ ಸುಮಾರಾಗಿ ಇಸವಿ ಬರುತ್ತದೆ. ಫಸಲಿ 1340 ಎಂದರೆ 1930–31.

ವಂಶಾವಳಿಗೆ ಅತ್ಯಂತ ಫಲವತ್ತಾದ ಕಡತ ಇನಾಮು ವಿಚಾರಣೆಯದು. ಇನಾಮು ಅನುಭವಿಸುತ್ತಿದ್ದವನು ತೀರಿಕೊಂಡಾಗ ವಾರಸುದಾರ ಯಾರೆಂದು ಸರ್ಕಾರ ವಿಚಾರಿಸುತ್ತಿತ್ತು. ಅದಕ್ಕಾಗಿ ಶಜರಾ, ಅಂದರೆ ವಂಶದ ಪಟ ಕೊಡಬೇಕಾಗಿತ್ತು. ತೀರ್ಮಾನದ ಪತ್ರವೇ ಮುಂತಖಬು. ದಾಯಾದಿಗಳ ತಕರಾರು ಬಂದಿದ್ದರಂತೂ ಎಲ್ಲ ಕವಲುಗಳ ಹೆಸರೂ ಒಂದೇ ಹಾಳೆಯ ಮೇಲೆ ಸಿಕ್ಕಿಬಿಡುತ್ತವೆ. ಜಗಳವಾಡದೆ ಬದುಕಿದ ಮನೆತನಗಳಿಗೆ ಈ ಅನುಕೂಲವಿಲ್ಲ! ಜಾಗೀರಿನ ಊರುಗಳ ಲೆಕ್ಕಪತ್ರ ಜಾಗೀರುದಾರರ ಬಳಿಯೇ ಇರುತ್ತಿತ್ತು. 1949ರಲ್ಲಿ ಜಾಗೀರುಗಳು ರದ್ದಾದ ಮೇಲೆ ಅವು ಸರ್ಕಾರಕ್ಕೆ ಬಂದವು. ಆದ್ದರಿಂದ ಅಂಥ ಊರುಗಳ ಹಳೆಯ ದಾಖಲೆ ನೇರವಾಗಿ ಸರ್ಕಾರದ ಕೈಯಲ್ಲಿದ್ದ ದಿವಾನಿ ಊರುಗಳಷ್ಟು ಕ್ರಮವಾಗಿ ಸಿಗುವುದಿಲ್ಲ. ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ ಶಾಹಜಹಾನ್, ಔರಂಗಜೇಬರ ಕಾಲದ ಪಾರ್ಸಿ ಕಾಗದಗಳಿಂದ ಹಿಡಿದು ನಿಜಾಮ ಸರ್ಕಾರದ ಕಡತಗಳವರೆಗೆ ದಾಖಲೆಗಳಿವೆ.

ಅಡ್ಡಹೆಸರುಗಳನ್ನು ಇಲ್ಲಿ ಎಚ್ಚರದಿಂದ ಓದಬೇಕು. ನಾಡಗೌಡ, ಮಾಲಿಪಾಟೀಲ, ಪೊಲೀಸ್ ಪಾಟೀಲ, ದೇಸಾಯಿ, ಕುಲಕರ್ಣಿ ಇವೆಲ್ಲ ವತನದ, ಅಂದರೆ ವಂಶಪಾರಂಪರ್ಯದ ಹುದ್ದೆಗಳು. ಜವಳಗೇರಾದ ನಾಡಗೌಡ ಮನೆತನ ಈ ಸೀಮೆಯಲ್ಲಿ ಹೆಸರಾದದ್ದು. ವೆಂಕಟರಾವ್ ನಾಡಗೌಡ ಅವರು ಸಿಂಧನೂರಿನ ಶಾಸಕರಾಗಿ 2018ರಲ್ಲಿ ಪಶುಸಂಗೋಪನಾ ಸಚಿವರಾದರು. ಆದರೆ ನಾಡಗೌಡರೆಂಬ ಅಡ್ಡಹೆಸರಿನವರು ವಿಜಯಪುರ, ಬಾಗಲಕೋಟೆ ಕಡೆಯಲ್ಲೂ ಇದ್ದಾರೆ. ಹೆಸರೊಂದೇ ಎಂದ ಮಾತ್ರಕ್ಕೆ ರಕ್ತಸಂಬಂಧವೆಂದು ಮರ ಬೆಳೆಸಿದರೆ ಕೊಂಬೆ ಬೇರೆಯವರ ಮನೆಗೆ ಹೋಗುತ್ತದೆ.

ಪಹಣಿಯ ದಾರಿ

1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಕಂದಾಯ ದಾಖಲೆಗಳ ಭಾಷೆ ಕನ್ನಡವಾಗುತ್ತ ಬಂದಿತು. ಭೂಹೀನರ ಹೆಸರು ಸರ್ಕಾರಿ ಕಾಗದಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು 1974ರ ಭೂಸುಧಾರಣೆ ತಿದ್ದುಪಡಿಯ ನಂತರ. ಗೇಣಿದಾರರು ಸಲ್ಲಿಸಿದ ನಮೂನೆ 7ರ ಡಿಕ್ಲರೇಷನ್ನುಗಳಲ್ಲಿ, ಭೂ ನ್ಯಾಯಮಂಡಳಿಯ ಮುಂದೆ ಕೊಟ್ಟ ಹೇಳಿಕೆಗಳಲ್ಲಿ, ಯಾರ ತಂದೆ ಯಾವ ಹೊಲವನ್ನು ಎಂದಿನಿಂದ ಉಳುತ್ತಿದ್ದ ಎಂಬುದು ಸಾಕ್ಷಿ ಸಮೇತ ದಾಖಲಾಗಿದೆ. ವಂಶ ಹುಡುಕುವವರು ಈ ಕಡತಗಳ ಕಡೆ ನೋಡುವುದು ಕಡಿಮೆ. ನೋಡಬೇಕು.

ಆನ್‌ಲೈನ್ ಹುಡುಕಾಟಕ್ಕೆ ನೆಲಗಟ್ಟಾದದ್ದು ಕರ್ನಾಟಕದ ಭೂಮಿ ಯೋಜನೆ. 2000ದ ಆಸುಪಾಸಿನಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ಕೈಬರಹದ ಪಹಣಿಯನ್ನು ನಿಲ್ಲಿಸಿದರು. ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಹಾಕಿದರೆ ಪಹಣಿ ತೆರೆದುಕೊಳ್ಳುತ್ತದೆ. ಕಾಲಂ 9ರಲ್ಲಿ ಖಾತೆದಾರನ ಹೆಸರು, ಜತೆಗೆ ತಂದೆಯ ಅಥವಾ ಗಂಡನ ಹೆಸರು. ವಂಶ ಹುಡುಕುವವನ ಕಣ್ಣು ಹೋಗಬೇಕಾದದ್ದು ಪಕ್ಕದ ಕಾಲಂ 10ಕ್ಕೆ. ಹೊಲ ಹೇಗೆ ಬಂತು ಎಂಬುದರ ಜತೆ ಎಂ.ಆರ್. (ಮುಟೇಶನ್ ರಿಜಿಸ್ಟರ್) ನಂಬರ್ ಮತ್ತು ವರ್ಷ ಅಲ್ಲಿರುತ್ತದೆ. ಆ ನಂಬರಿನ ಮುಟೇಶನ್ ತೆಗೆಸಿದರೆ, ಅದು ಪೌತಿ ಅಥವಾ ವಾರಸಾ ಆಗಿದ್ದ ಪಕ್ಷದಲ್ಲಿ, ತೀರಿಕೊಂಡವನ ಹೆಸರು, ಹೆಂಡತಿ ಮಕ್ಕಳ ಹೆಸರು ಎಲ್ಲ ಸಿಗುತ್ತವೆ. ಒಂದು ಎಂ.ಆರ್. ಹಿಂದಿನ ಎಂ.ಆರ್.ಗೆ ದಾರಿ ತೋರಿಸುತ್ತದೆ. ಹೀಗೆ ಎರಡು ಮೂರು ತಲೆಮಾರು ಹಿಂದೆ ಹೋಗುವ ಹೊತ್ತಿಗೆ ಗಣಕ ಮುಗಿದು ತಹಶೀಲ್ದಾರ್ ಕಚೇರಿಯ ದಾಖಲೆ ಕೋಣೆ ಶುರುವಾಗುತ್ತದೆ. ಆ ಕೋಣೆಗಳಲ್ಲಿರುವ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ 2024ರಲ್ಲಿ ಆರಂಭವಾಯಿತು. ಖರೀದಿ, ವಿಭಜನೆಯ ಪತ್ರಗಳಿಗೆ ನೋಂದಣಿ ಇಲಾಖೆಯ ಕಾವೇರಿ, ಜನನ–ಮರಣಕ್ಕೆ ಇ-ಜನ್ಮ ತಾಣಗಳಿವೆ. ನಾಡಕಚೇರಿ ಕೊಡುವ ವಂಶವೃಕ್ಷ ದೃಢೀಕರಣ ಮಾತ್ರ ಇತಿಹಾಸದ ದಾಖಲೆಯಲ್ಲ. ಅರ್ಜಿದಾರ ಹೇಳಿದ್ದನ್ನು ಸ್ಥಳ ವಿಚಾರಣೆ ಮಾಡಿ ಒಪ್ಪಿದ ಕಾಗದ ಅದು.

ಮನೆಯ ಹೆಣ್ಣುಮಕ್ಕಳನ್ನು ಹುಡುಕಲು ಪಹಣಿಗಿಂತ ಮತದಾರರ ಪಟ್ಟಿ ಒಳ್ಳೆಯದು. ಚುನಾವಣಾ ಇಲಾಖೆಯ ತಾಣದಲ್ಲಿರುವ 2002ರ ಪಟ್ಟಿಯಲ್ಲಿ ಮನೆ ನಂಬರ್, ವಯಸ್ಸು, ತಂದೆ ಅಥವಾ ಗಂಡನ ಹೆಸರು ಇರುತ್ತದೆ. ಮಸ್ಕಿ ವಿಧಾನಸಭಾ ಕ್ಷೇತ್ರ ಆದದ್ದು 2008ರಲ್ಲಿ. ಆದ್ದರಿಂದ ಇಂದಿನ ಮಸ್ಕಿ ಕ್ಷೇತ್ರದ ಊರುಗಳನ್ನು 2002ರ ಪಟ್ಟಿಯಲ್ಲಿ ಆಗಿನ ಕ್ಷೇತ್ರದ ಹೆಸರಿನಲ್ಲೇ ನೋಡಬೇಕು. ಮನೆಮನೆಯ ಜನಗಣತಿ ಹಾಳೆ ಸಿಗುವ ಆಸೆ ಬೇಡ. 1948ರ ಜನಗಣತಿ ಕಾಯ್ದೆ ಆ ವಿವರಗಳನ್ನು ಗುಟ್ಟಾಗಿಡುತ್ತದೆ.

ಹೊರಗಿನ ತಾಣಗಳು

ಅಮೆರಿಕದ ಯೂಟಾದಲ್ಲಿ 1894ರಲ್ಲಿ ಹುಟ್ಟಿದ ವಂಶಾವಳಿ ಸಂಘ 1938ರಿಂದ ದಾಖಲೆಗಳ ಮೈಕ್ರೋಫಿಲ್ಮ್ ತೆಗೆಯುತ್ತ ಬಂದು, 1999ರಲ್ಲಿ ಫ್ಯಾಮಿಲಿಸರ್ಚ್ ತಾಣ ತೆರೆಯಿತು. ಹರಿದ್ವಾರದ ವಹಿಗಳನ್ನೂ ಅದು ಚಿತ್ರೀಕರಿಸಿದೆ. ಜವಳಗೇರಾದ ರೈತನಿಗೆ ಅದರಲ್ಲಿ ಸಿಗುವುದು ಅತ್ಯಲ್ಪ. ಲಿಂಗಸುಗೂರಿನ ದಂಡಿನಲ್ಲಿದ್ದ ಯುರೋಪಿಯನ್ನರ ವಂಶದವರಿಗೆ ಮಾತ್ರ ದಾರಿ ಸುಗಮ: ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಚರ್ಚು ದಾಖಲೆಗಳು, ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿ 1998ರಲ್ಲಿ ಆರಂಭವಾದ ಫಿಬಿಸ್ ಸಂಸ್ಥೆಯ ಸೂಚಿಗಳು, ನಿಜಾಮ ರಾಜ್ಯದ ಗೋರಿ ಬರಹಗಳನ್ನು ಕುರಿತು ಕ್ರಾಫ್ಟನ್ 1941ರಲ್ಲಿ ಹೊರತಂದ ಪಟ್ಟಿ. 2007ರಲ್ಲಿ ಬಂದ ಜೆನಿಯಂಥ ತಾಣಗಳಲ್ಲಿ ಹೊರದೇಶದ ಕನ್ನಡ ಕುಟುಂಬಗಳು ತಮ್ಮ ವಂಶವೃಕ್ಷ ಏರಿಸುತ್ತಿವೆ. ಅವಕ್ಕೆ ಆಧಾರ ಬಹುಪಾಲು ಮನೆಯವರ ನೆನಪು.

ವಲಸಿಗರು

1953ರಲ್ಲಿ ತುಂಗಭದ್ರಾ ನೀರು ಹರಿದ ಮೇಲೆ ಸಿಂಧನೂರು ತಾಲ್ಲೂಕಿಗೆ ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿಕೊಂಡರು. ಅವರ ಹಳೆಯ ತಲೆಮಾರುಗಳ ಹೊಲದ ಕಾಗದ ಆಂಧ್ರದ ಮೀಭೂಮಿ ತಾಣದಲ್ಲೂ ಅಲ್ಲಿನ ತಹಶೀಲ್ದಾರ್ ಕಚೇರಿಗಳಲ್ಲೂ ಹುಡುಕಬೇಕು. ಪೂರ್ವ ಬಂಗಾಳದಿಂದ ಬಂದು ಆರ್.ಎಚ್. (ಪುನರ್ವಸತಿ) ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳ ಪಾಡು ಬೇರೆ. ಅವರ ಮೂಲ ಹೊಲದ ಪಟ್ಟಿ ಇರುವುದು ಬಾಂಗ್ಲಾದೇಶದಲ್ಲಿ. ಸಿಂಧನೂರಿನ ಕಚೇರಿಗಳಲ್ಲಿ ಅವರ ವಂಶಾವಳಿ ಪುನರ್ವಸತಿ ಪತ್ರದ ಕುಟುಂಬದ ಯಜಮಾನನಿಂದಲೇ ಶುರುವಾಗುತ್ತದೆ.