ಯಂತ್ರವಿದ್ಯಾಭ್ಯಾಸದಲ್ಲಿ ಆಟದ ಸ್ಥಾನ

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯು ಯಂತ್ರಶಿಲ್ಪದ ಫಲವನ್ನು ಕಣ್ಣಾರೆ ಕಂಡುದಾಗಿದೆ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ಉತ್ಪನ್ನವಾದ ವಿದ್ಯುಚ್ಛಕ್ತಿಯು 1902ರಲ್ಲಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1911ರಲ್ಲಿ ಕೃಷ್ಣರಾಜಸಾಗರದ ಕಟ್ಟೆಯ ಕೆಲಸವು ಆರಂಭವಾಗಿ, ಅದು ಮುಗಿದ ಮೇಲೆ ನಾಲೆಯ ನೀರು ಈ ಮೂರು ತಾಲ್ಲೂಕುಗಳ ಬೆದ್ದಲನ್ನು ಕಬ್ಬು ಬತ್ತಗಳ ಗದ್ದೆಯನ್ನಾಗಿ ಮಾಡಿತು. 1962ರಲ್ಲಿ ಶ್ರೀ ಕೆ. ವಿ. ಶಂಕರಗೌಡರ ಪ್ರಯತ್ನದಿಂದ ಮಂಡ್ಯದಲ್ಲಿಯೇ ಪಿ. ಇ. ಎಸ್. ಇಂಜನಿಯರಿಂಗ್ ಕಾಲೇಜು ಸ್ಥಾಪಿತವಾಗಿ, ಒಕ್ಕಲಮಕ್ಕಳಿಗೂ ಈ ವಿದ್ಯೆಯು ಕೈಗೆಟುಕುವಂತಾಯಿತು.

ಆದರೆ ಈ ವಿದ್ಯೆಗೆ ಒಂದು ಕಷ್ಟವುಂಟು. ಈಜು ಕಲಿಯುವವನು ನೀರಿಗಿಳಿಯಲೇಬೇಕು. ಕಟ್ಟೆಯ ಲೆಕ್ಕವನ್ನು ಕಲಿಯುವವನಾದರೋ ಕಟ್ಟೆಯನ್ನು ಮುಟ್ಟುವಂತಿಲ್ಲ. ತೂಬಿನ ಲೆಕ್ಕ ತಪ್ಪಿದರೆ ನಾಲೆಯ ಕೊನೆಯಲ್ಲಿರುವ ರೈತನ ಪೈರು ಒಣಗುವುದು. ಕಟ್ಟೆಯ ಲೆಕ್ಕ ತಪ್ಪಿದರೆ ಊರುಗಳೇ ಮುಳುಗುವುವು. ಆದಕಾರಣವೇ ಕೃಷ್ಣರಾಜಸಾಗರದ ಸಂಶೋಧನಾಲಯದಲ್ಲಿ ಜಲಾಶಯಾದಿಗಳ ಕಿರಿಯ ಪ್ರತಿರೂಪಗಳನ್ನು ಮಾಡಿ, ಅವುಗಳ ಮೇಲೆ ನೀರು ಹರಿಯಿಸಿ, ಗುಣದೋಷಗಳನ್ನು ಮೊದಲೇ ಪರೀಕ್ಷಿಸುವ ಪದ್ಧತಿಯು ಬೆಳೆದು ಬಂದಿತು.

ಕಂಪ್ಯೂಟರಿನ ವೀಡಿಯೋ ಆಟವೂ ಇಂತಹುದೇ ಒಂದು ಪ್ರತಿರೂಪವೆನ್ನಬಹುದು. ಇಲ್ಲಿ ಮಣ್ಣುಗಾರೆಗಳ ಬದಲು ಗಣಿತವೇ ಸಾಮಗ್ರಿ. ಅಮೆರಿಕದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ ಬ್ರಿಯಾನೊ ಕಾಲರ್ ಎಂಬ ಅಧ್ಯಾಪಕರು ಮೋಟಾರು ಪಂದ್ಯದ ಆಟವೊಂದನ್ನು ಯಂತ್ರಶಾಸ್ತ್ರದ ವಿದ್ಯಾರ್ಥಿಗಳಿಗೆ ಪಾಠವನ್ನಾಗಿ ಮಾಡಿದರು. ಅಲ್ಲಿ ವಿದ್ಯಾರ್ಥಿಯು ಕೈಯಿಂದ ಕಾರನ್ನು ನಡೆಯಿಸುವಂತಿಲ್ಲ. ಎಲ್ಲಿ ವೇಗ, ಎಲ್ಲಿ ತಡೆ, ಎಲ್ಲಿ ತಿರುವು ಎಂಬುದನ್ನು ಲೆಕ್ಕಹಾಕಿ, ಕಾರು ತಾನಾಗಿ ಓಡುವಂತೆ ಪ್ರೋಗ್ರಾಮನ್ನು ಬರೆಯಬೇಕು. ಲೆಕ್ಕ ತಪ್ಪಿದರೆ ಕಾರು ದಾರಿ ಬಿಟ್ಟು ಹೋಗುವುದು. ಯಾರಿಗೂ ಹಾನಿಯಿಲ್ಲ, ತಪ್ಪು ಮಾತ್ರ ಕಣ್ಣಿಗೆ ಕಾಣುವುದು. ಇವರೂ ಮೈಕಲ್ ಸ್ಕಾಟ್ ಎಂಬವರೂ 2009ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಹೀಗೆ ಕಲಿತವರು ತರಗತಿಯ ಹೊರಗೆ ಹೆಚ್ಚುಕಡಮೆ ಇಮ್ಮಡಿ ಹೊತ್ತು ಅಭ್ಯಾಸದಲ್ಲಿ ಕಳೆದರು. ವಿಷಯಗಳ ಪರಸ್ಪರ ಸಂಬಂಧವನ್ನೂ ಹೆಚ್ಚು ಆಳವಾಗಿ ಗ್ರಹಿಸಿದರು.

ಇದರಿಂದ ಆಟವಾಡಿದವರೆಲ್ಲರೂ ಇಂಜನಿಯರುಗಳಾಗುವರೆಂದು ತಿಳಿಯಲಾಗದು. ಬರಿಯ ಮನೋರಂಜನೆಗಾಗಿ ಪರದೆಯ ಮುಂದೆ ಕುಳಿತವನ ಹೊತ್ತು ಹೋಗುವುದೇ ಹೊರತು ವಿದ್ಯೆ ಬಾರದು. ಅಲ್ಲಿ ಕಲಿಸಿದುದು ಆಟವಲ್ಲ, ಆಟವು ಹುಟ್ಟಿಸಿದ ಶ್ರಮ. ಪರೀಕ್ಷೆಗೆಂದು ಸೂತ್ರಗಳನ್ನು ಬಾಯಿಪಾಠ ಮಾಡಿದವನು ತೇರ್ಗಡೆಯಾದ ಮರುದಿನವೇ ಅವುಗಳನ್ನು ಮರೆಯಬಹುದು. ತನ್ನ ಲೆಕ್ಕದಿಂದ ಕಾರು ಉರುಳಿದುದನ್ನು ಕಂಡು, ಏಕೆ ಉರುಳಿತೆಂದು ರಾತ್ರಿಯೆಲ್ಲ ಚಿಂತಿಸಿದವನು ಸುಲಭವಾಗಿ ಮರೆಯಲಾರನು. ಅರಿವು ಆಚಾರವಾದಲ್ಲದೆ ಪೂರ್ಣವಾಗದೆಂಬುದನ್ನು ಶರಣಮಾರ್ಗದಲ್ಲಿ ನಡೆಯುವವರಿಗೆ ವಿವರಿಸಬೇಕಾದುದಿಲ್ಲ. ನಮ್ಮ ಸೀಮೆಯ ತರುಣರು ಪರದೆಯ ಮೇಲೆ ನೂರು ಸಲ ಸೋತು ಕಲಿತು, ನಾಳೆ ನಿಜವಾದ ತೂಬಿನ ಮುಂದೆ ನಿಂತಾಗ ನಾಲೆಯ ಕೊನೆಯ ರೈತನಿಗೂ ನೀರು ಮುಟ್ಟಿಸುವಂತಾಗಲಿ.